ರಾತ್ರಿಯೆಲ್ಲ ಎಚ್ಚರಿದ್ದ ಆಯಿ

ಹುಮನಾಬಾದಿನ ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಮಾತು ಆಯಿಯ ನಿದ್ದೆಯದೇ ಆಗಿರುತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಗೆ ಬಂದು, ಅವಳ ಹಾಸಿಗೆಯ ಹತ್ತಿರ ಬಾಗಿ ಕೇಳುತ್ತಿದ್ದರು.

"ಯವ್ವಾ, ರಾತ್ರಿ ಜರಾ ಆದ್ರೂ ನಿದ್ದಿ ಹತ್ತಿತ್ತೇನು?"

"ಎಲ್ಲಿ ನಿದ್ದಿಯೋ ನನ್ನಪ್ಪ. ಕಣ್ಣಿಗಿ ಕಣ್ಣ ಹತ್ತಿಲ್ಲ. ಶಿವಾ ಶಿವಾ ಅನಕೋತ ಮ್ಯಾಲಿನ ತೊಲಿ ಎಣಸ್ಕೋತ ಬಿದ್ದಿದ್ದೆ."

ಅಪ್ಪ ನಾಲಿಗೆಯಿಂದ ಲೊಚಗುಟ್ಟಿ, ತಲೆಯಾಡಿಸಿ, ಬಟ್ಟೆಯಂಗಡಿಗೆ ಹೊರಡುತ್ತಿದ್ದರು. ಆಯಿಯ ಎರಡೂ ಕಣ್ಣಿಗೆ ಪೊರೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಹಗಲಿನಲ್ಲೇ ಅವಳಿಗೆ ಎದುರಿನವರ ಮುಖ ಕಾಣುತ್ತಿರಲಿಲ್ಲ. ಕತ್ತಲಲ್ಲಿ ತೊಲೆ ಹೇಗೆ ಎಣಿಸಿದಳು ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಬಹಳ ವರ್ಷ ಕೇಳಲಿಲ್ಲ.

ಅವಳು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದನ್ನು ಓದಿದವರಿಗೆ ಹಾಗೆ ಅನಿಸಬಹುದು. ತಾನು ರಾತ್ರಿಯಿಡೀ ಎಚ್ಚರವಾಗಿರುತ್ತೇನೆ ಎಂದು ಅವಳು ಮನಸಾರೆ ನಂಬಿದ್ದಳು. ಆ ನಂಬಿಕೆಯ ಬೆಲೆಯನ್ನು ತೆತ್ತವಳು ನನ್ನ ಅವ್ವ.

ಆಗ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಅಪ್ಪನ ಅಂಗಡಿಯಲ್ಲಿ ಒಂದು ಗೋಡೆ ಗಡಿಯಾರವಿತ್ತು, ಅದು ಗಿರಾಕಿಗಳಿಗಾಗಿ. ಮನೆಯ ಹೆಂಗಸರು ಏಳುವುದು ಬೆಳ್ಳಿ ಚುಕ್ಕಿ ಮೂಡಿದಾಗ. ಎದ್ದವರು ಮೊದಲು ಕೂರುವುದು ಬೀಸುವ ಕಲ್ಲಿನ ಮುಂದೆ. ಆ ದಿನದ ರೊಟ್ಟಿಗೆ ಆ ದಿನವೇ ಜೋಳ ಬೀಸಬೇಕು. ನಿನ್ನೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಬಿರಿದ ಅಂಚನ್ನು ಆಯಿ ಬೆರಳಿನಿಂದ ಮುಟ್ಟಿಯೇ ಪತ್ತೆ ಹಚ್ಚುತ್ತಿದ್ದಳು. ಪೇಟೆಯಲ್ಲಿ ಹಿಟ್ಟಿನ ಗಿರಣಿ ಬಂದ ಮೇಲೂ ನಮ್ಮ ಮನೆಯ ಜೋಳ ಅಲ್ಲಿಗೆ ಹೋಗಲಿಲ್ಲ. ಗಿರಣಿಯ ಹಿಟ್ಟು ಸುಟ್ಟ ವಾಸನೆ ಹೊಡೆಯುತ್ತದೆ ಎಂದು ಆಯಿ ಹೇಳಿದ ಮೇಲೆ ಅಪ್ಪನಿಗೂ ಆ ವಾಸನೆ ಬರತೊಡಗಿತು.

ಮನೆಯ ಹಿರಿಯ ಹೆಂಗಸು ಚುಕ್ಕಿ ನೋಡಿ ಸೊಸೆಯನ್ನು ಎಬ್ಬಿಸಬೇಕು. ಅದು ಪದ್ಧತಿ. ಆಯಿಯೂ ಒಂಬತ್ತನೆಯ ವಯಸ್ಸಿನಲ್ಲಿ ಬೇಮಳಖೇಡದಿಂದ ಈ ಮನೆಗೆ ಬಂದಾಗ ತನ್ನ ಅತ್ತೆಯ ಕೂಗಿಗೆ ಎದ್ದವಳೇ. ಮೂವತ್ತು ವರ್ಷ ಬೀಸಿದವಳು. ಕಣ್ಣು ಹೋದ ಮೇಲೆ ಅಡಿಗೆ ಮನೆ ಕೈಬಿಟ್ಟಿತು, ಹೊಲದ ವ್ಯವಹಾರ ಕೈಬಿಟ್ಟಿತು. ಮನೆಯನ್ನು ಎಬ್ಬಿಸುವ ಕೆಲಸವೊಂದನ್ನು ಅವಳು ಬಿಡಲಿಲ್ಲ. ಚುಕ್ಕಿ ಕಾಣದಿದ್ದರೇನು, ರಾತ್ರಿಯೆಲ್ಲ ಎಚ್ಚರಿರುವವಳಿಗೆ ಹೊತ್ತು ಗೊತ್ತಾಗದೆ ಇರುತ್ತದೆಯೇ? ಮನೆಯವರೆಲ್ಲರ ತರ್ಕ ಇದೇ ಆಗಿತ್ತು.

"ಏ ಕಲ್ಯಾಣಿಯಾಕಿ, ಏಳು. ಚುಕ್ಕಿ ಮೂಡ್ಯಾದ."

ಅವ್ವನ ತವರು ಕಲ್ಯಾಣಿ, ಈಗ ಬಸವಕಲ್ಯಾಣ ಎನ್ನುವ ಊರು. ಅದರಿಂದಲೇ ಆಯಿ ಅವಳನ್ನು ಕರೆಯುತ್ತಿದ್ದಳು. ಒಂದು ಕೂಗಿಗೇ ಅವ್ವ ಎದ್ದುಬಿಡುತ್ತಿದ್ದಳು. ನಾನು ಹೊದಿಕೆಯೊಳಗಿನಿಂದ ಕಲ್ಲಿನ ಸದ್ದು ಕೇಳಿ ಮಗ್ಗಲು ಬದಲಿಸುತ್ತಿದ್ದೆ.

ಇಂಥ ಅವ್ವನಿಗೆ ನಮ್ಮ ಬಂಧುಬಳಗದಲ್ಲಿ ಇದ್ದ ಹೆಸರೇನೆಂದರೆ, ಮಲಗುವಾಕಿ. ಅವಳು ಎಲ್ಲೆಂದರಲ್ಲಿ ತೂಕಡಿಸುತ್ತಿದ್ದಳು. ಮಠದಲ್ಲಿ ಪುರಾಣ ಹೇಳುವಾಗ, ಬೇಳೆ ಹಸನು ಮಾಡುವಾಗ, ಮದುವೆ ಮನೆಯಲ್ಲಿ ಸೋಬಾನೆಯ ನಡುವೆ. ಒಮ್ಮೆ ಒಲೆಯ ಮುಂದೆ ಕೂತಲ್ಲೇ ಕಣ್ಣು ಮುಚ್ಚಿ, ಕಾದ ಹಂಚಿನ ಮೇಲೆ ಎಡಗೈ ಇಟ್ಟುಬಿಟ್ಟಳು. ಅಂಗೈ ಬೊಕ್ಕೆ ಬಂತು. ನಮ್ಮ ಪಕ್ಕದ ಮನೆಯ ಕಾಕು ಎಣ್ಣೆ ಹಚ್ಚುತ್ತಾ, "ಹಂಚಿಗಿ ತಲಿದಿಂಬ ಅಂತ ತಿಳದಿಯೇನ ಬಾಯಿ?" ಎಂದಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು.

ಆಯಿ ತೂಕಡಿಸಿದರೆ ಅದಕ್ಕೆ ಬೇರೆ ಹೆಸರಿತ್ತು. ಸ್ನಾನವಾದ ಮೇಲೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ ಅವಳ ತಲೆ ಮೆಲ್ಲಗೆ ಎದೆಯ ಮೇಲೆ ಬರುತ್ತಿತ್ತು, ಉಸಿರು ಉದ್ದವಾಗುತ್ತಿತ್ತು. ಅಂಗೈ ಮಾತ್ರ ಅಲುಗುತ್ತಿರಲಿಲ್ಲ. ಅದು ಅರವತ್ತು ವರ್ಷಗಳ ಅಭ್ಯಾಸ. ಕಾಕು ಹೊಸ್ತಿಲಲ್ಲಿ ನಿಂತು ಕೈಮುಗಿದು, "ಏನ್ ಧ್ಯಾನರೀ ಇವರದು, ಮೈಮ್ಯಾಲ ಖಬರೇ ಇಲ್ಲ" ಎಂದು ಪಿಸುಗುಟ್ಟಿ ಹೋಗುತ್ತಿದ್ದಳು.

ನನಗೆ ಒಂಬತ್ತು ವರ್ಷವಿದ್ದಾಗ ಅವ್ವನ ಜೊತೆ ಕಲ್ಯಾಣಿಗೆ ಹೋಗಿದ್ದೆ. ಮಾಮನ ಮಗುವಿನ ಹೆಸರಿಡುವ ಕಾರ್ಯವಿತ್ತು. ಎತ್ತಿನ ಗಾಡಿಯಲ್ಲಿ ಸಂಜೆಗೆ ತಲುಪಿದೆವು. ಊಟ ಮುಗಿಸಿ ಮಲಗಿದ ಅವ್ವ ಮಾರನೆಯ ದಿನ ಬಿಸಿಲು ಅಂಗಳದ ತುಳಸಿಯ ಕಟ್ಟೆ ದಾಟಿದರೂ ಏಳಲಿಲ್ಲ. ಅವಳ ತಾಯಿ ಆ ಕೋಣೆಯ ಬಾಗಿಲು ಮುಂದೆ ಮಾಡಿ, ನಮ್ಮನ್ನೆಲ್ಲ ಹಿತ್ತಲಿಗೆ ಓಡಿಸಿದಳು. ಮಧ್ಯಾಹ್ನ ಎದ್ದು ರೊಟ್ಟಿ ತಿಂದು ಅವ್ವ ಮತ್ತೆ ಮಲಗಿದಳು. ಮೂರು ದಿನ ಹೀಗೇ. ಓರಗೆಯ ಹುಡುಗಿಯರು ನನ್ನನ್ನು, "ನಿಮ್ಮವ್ವಗ ಏನಾಗ್ಯಾದ? ಕುಂಭಕರ್ಣನ ತಂಗಿಯೇನ?" ಎಂದು ಕಾಡಿಸಿದರು. ನನಗೆ ನಾಚಿಕೆಯಾಯಿತು.

ಹುಮನಾಬಾದಿಗೆ ಮರಳಿದ ದಿನ ಆಯಿ ನನ್ನನ್ನು ತೊಡೆಯ ಹತ್ತಿರ ಕೂಡಿಸಿಕೊಂಡು, "ಕಲ್ಯಾಣ್ಯಾಗ ಏನೇನ್ ಮಾಡಿದ್ರಿ ಹೇಳು ಕೂಸ" ಎಂದಳು. ನಾನು ಹೇಳಿದೆ.

"ಅವ್ವ ಬರೇ ಮಲಗಿದ್ಳು ಆಯಿ. ಹೊತ್ತು ನೆತ್ತಿ ಮ್ಯಾಲ ಬರೋತನ ಮಲಗ್ತಿದ್ಳು. ಎಲ್ಲಾರೂ ನಗತಿದ್ರು."

ಆಯಿ ಸಿಟ್ಟಾಗಲಿಲ್ಲ. ಅಪ್ಪ ಬಂದ ಮೇಲೆ ಬಹಳ ಸಮಾಧಾನದಿಂದ ಹೇಳಿದಳು. "ತವರಾಗ ಇಕಿ ಹಿಂಗ ಬಿದ್ದಕೊಂಡ್ರ ನಾಳಿ ನಮ್ಮ ಮನಿತನಕ್ಕ ಏನಂತಾರ? ಅತ್ತಿ ಮನ್ಯಾಗ ನಿದ್ದಿಗೆಡಸ್ತಾರ ಅಂತಾರ. ನಾ ಮುದುಕಿ, ನಾ ನಿದ್ದಿಗೆಡಾಕತ್ತೀನಿ, ಅದು ಯಾರಿಗಿ ಕಾಣ್ತದ?" ಮುಂದೆ ಎರಡು ವರ್ಷ ಅವ್ವನನ್ನು ಕಲ್ಯಾಣಿಗೆ ಕಳಿಸಲಿಲ್ಲ. ಆ ನಡುವೆ ಅವಳ ತಾಯಿ ಜಡ್ಡು ಬಿದ್ದು ಎದ್ದಳು ಎಂಬ ಸುದ್ದಿ ಬಂದಾಗಲೂ ಕಳಿಸಲಿಲ್ಲ. ಚಾಡಿ ಹೇಳಿದವಳು ನಾನೆಂದು ಅವ್ವನಿಗೆ ಗೊತ್ತಿತ್ತು. ಒಂದು ಮಾತೂ ಆಡಲಿಲ್ಲ. ಅಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ ಎಂಬುದು ನನಗೆ ಹತ್ತು ವರ್ಷ ತಡವಾಗಿ ತಿಳಿಯಿತು.

ಹೈದರಾಬಾದಿನಲ್ಲಿ ಅಪ್ಪನ ತಮ್ಮ ವಕೀಲರಾಗಿದ್ದರು. ಮೆಟ್ರಿಕ್ ಆದ ಮೇಲೆ ಅವರು ಅಪ್ಪನನ್ನು ಒಪ್ಪಿಸಿ ನನ್ನನ್ನು ಕಾಲೇಜಿಗೆ ಸೇರಿಸಿದರು. ಅವರ ಮನೆಯಲ್ಲೇ ಇದ್ದೆ. ಇಂಟರ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದುದಕ್ಕೆ ಕಾಕಾ ಒಂದು ಮೇಜಿನ ಗಡಿಯಾರ ಕೊಟ್ಟರು. ಕತ್ತಲಲ್ಲಿ ಅದರ ಮುಳ್ಳುಗಳು ಹಸಿರಾಗಿ ಹೊಳೆಯುತ್ತಿದ್ದವು. ಬಿ.ಎ. ಮೊದಲ ವರ್ಷ ಮುಗಿಸಿ ಬೇಸಿಗೆ ರಜೆಗೆ ಊರಿಗೆ ಬಂದಾಗ ಅದನ್ನು ಟ್ರಂಕಿನಲ್ಲಿ ತಂದೆ.

ಎರಡನೆಯ ಮಹಾಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬೇಗ ದೀಪ ಆರಿಸುತ್ತಿದ್ದರು. ಸೆಕೆಗೆ ಹೆಂಗಸರೆಲ್ಲ ಒಳ ಅಂಗಳದಲ್ಲಿ ಮಲಗುತ್ತಿದ್ದೆವು. ಅಪ್ಪ ಮಾಳಿಗೆಯ ಮೇಲೆ. ಬಂದ ಮೊದಲ ರಾತ್ರಿಯೇ ಆಯಿಯ ಕೂಗು ಕೇಳಿ ನನಗೆ ಎಚ್ಚರವಾಯಿತು. ಅವ್ವ ಎದ್ದು ಒಳಗೆ ಹೋದಳು, ಕಲ್ಲಿನ ಸದ್ದು ಶುರುವಾಯಿತು. ನಾನು ಅಭ್ಯಾಸದಂತೆ ದಿಂಬಿನ ಪಕ್ಕ ಕೈಯಾಡಿಸಿ ಗಡಿಯಾರ ನೋಡಿದೆ. ಹನ್ನೆರಡೂ ಮುಕ್ಕಾಲು.

ಗಡಿಯಾರ ನಿಂತಿದೆ ಎಂದುಕೊಂಡೆ. ಕಿವಿಗೆ ಹಿಡಿದೆ. ನಡೆಯುತ್ತಿತ್ತು.

ಆಮೇಲೆ ಐದು ರಾತ್ರಿ ನಾನು ಎಚ್ಚರಿದ್ದು ನೋಡಿದೆ. ನೋಡಿದ್ದನ್ನು ಬೆಳಿಗ್ಗೆ ಒಂದು ಹಾಳೆಯಲ್ಲಿ ಬರೆದಿಟ್ಟೆ. ಅವುಗಳಲ್ಲಿ ಒಂದು ರಾತ್ರಿ ಹೀಗಿತ್ತು. ಕಲ್ಯಾಣಿಯ ಹಕೀಮರು ನಿದ್ದೆಗೆಂದು ಹೇಳಿದ್ದ ಗಸಗಸೆ ಹಾಲನ್ನು ಅವ್ವ ಅರೆದು ಕಾಸಿ ಕೊಟ್ಟಳು, ಆಯಿ ಕುಡಿದಳು. ಅವ್ವ ಅವಳ ಕಾಲು ಒತ್ತುತ್ತಾ ಕೂತಳು. ಎಂಟು ಇಪ್ಪತ್ತಕ್ಕೆ ಆಯಿ ಗೊರಕೆ ಹೊಡೆಯತೊಡಗಿದಳು. ಹನ್ನೆರಡು ಐವತ್ತಕ್ಕೆ ಎಚ್ಚರಾಗಿ ಅವ್ವನನ್ನು ಎಬ್ಬಿಸಿದಳು. ಕಲ್ಲಿನ ಸದ್ದು ಶುರುವಾದ ಮೇಲೆ ಒಂದು ಹತ್ತಕ್ಕೆ ಮತ್ತೆ ಗೊರಕೆ. ಐದು ಇಪ್ಪತ್ತೈದಕ್ಕೆ ಅವ್ವ ಬಿಂದಿಗೆ ಎತ್ತಿದ ಸದ್ದಿಗೆ ಎದ್ದಳು. ಒಟ್ಟು ಎಂಟೂ ಮುಕ್ಕಾಲು ಗಂಟೆ.

ಅವ್ವ ಪಾತ್ರೆ ತೊಳೆದು, ಹೆಪ್ಪು ಹಾಕಿ ಮಲಗಿದ್ದು ಹತ್ತೂವರೆಗೆ. ಎದ್ದದ್ದು ಹನ್ನೆರಡು ಐವತ್ತಕ್ಕೆ. ಕೂಡಿಸುವ ಅಗತ್ಯವಿಲ್ಲ.

ಆಯಿಯ ತಪ್ಪು ಹೇಗೆ ಆಗುತ್ತಿತ್ತೆಂದು ಆ ರಾತ್ರಿಗಳಲ್ಲಿ ನನಗೆ ಅರ್ಥವಾಯಿತು. ಸಂಜೆ ಮಲಗಿ ನಡುರಾತ್ರಿ ಎಚ್ಚರಾದವಳಿಗೆ ನಡುವಿನ ನಾಲ್ಕೂವರೆ ಗಂಟೆ ಇರಲೇ ಇಲ್ಲ. ಅವಳ ಮಟ್ಟಿಗೆ ಕಾಲು ಒತ್ತಿಸಿಕೊಂಡದ್ದು, ಕತ್ತಲಲ್ಲಿ ಕಣ್ಣು ಬಿಟ್ಟದ್ದು, ಕಲ್ಲಿನ ಸದ್ದು, ಬಿಂದಿಗೆಯ ಸದ್ದು, ಇವಿಷ್ಟೇ ರಾತ್ರಿ. ಇವೆಲ್ಲ ಎಚ್ಚರದಲ್ಲಿ ಕೇಳಿದವು. ಆದ್ದರಿಂದ ರಾತ್ರಿಯೆಲ್ಲ ಎಚ್ಚರ. ನಿದ್ದೆಯನ್ನು ನೆನಪಿಡಲು ಯಾರಿಗೂ ಆಗುವುದಿಲ್ಲ. ಅವಳಿಗೂ ಆಗಲಿಲ್ಲ. ಇಷ್ಟು ಹೊತ್ತು ಎಚ್ಚರಿದ್ದೇನೆಂದರೆ ಬೆಳಗಾಗಲೇಬೇಕಲ್ಲ ಎಂದು ಅವಳು ಸೊಸೆಯನ್ನು ಕೂಗುತ್ತಿದ್ದಳು.

ಆರನೆಯ ದಿನ ಬಾವಿಯ ಹತ್ತಿರ ನಾನು ಅವ್ವನಿಗೆ ಹೇಳಿದೆ. ದೊಡ್ಡದೊಂದು ಗುಟ್ಟು ಹೊರಗೆಡಹುವವಳಂತೆ ದನಿ ತಗ್ಗಿಸಿದ್ದೆ. ಅವ್ವ ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತದ."

"ಗೊತ್ತದ ಅಂದ್ರ?"

"ನನಗ ಕಣ್ಣವ ಅಲ್ಲೇನು ತಂಗಿ. ಚುಕ್ಕಿ ಮೂಡಿಲ್ಲ ಅಂಬೋದು ನನಗ ಕಾಣಲ್ದೇನು?"

"ಮತ್ತ ಯಾಕ ಏಳ್ತಿ?"

ಅವ್ವ ಬಿಂದಿಗೆಗೆ ನೀರು ಸುರಿದು, ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು. ನಾನು ಹುಟ್ಟುವ ಮೊದಲೊಮ್ಮೆ, ಆಯಿಯ ಕಣ್ಣು ಮಂಜಾಗತೊಡಗಿದ ಹೊಸದರಲ್ಲಿ, "ಇನ್ನೂ ಚುಕ್ಕಿ ಮೂಡಿಲ್ಲರಿ ಅತ್ತಿ" ಎಂದಿದ್ದಳಂತೆ. ಕುರುಡಿ ಎಂದು ಆಡಿಕೊಂಡಳು ಎಂದು ಆಯಿ ಎರಡು ದಿನ ಊಟ ಬಿಟ್ಟಳು. ಅಪ್ಪ ಒಂದು ತಿಂಗಳು ಅವ್ವನೊಂದಿಗೆ ಮಾತು ಬಿಟ್ಟರು. "ಎದ್ದು ಕಲ್ಲು ತಿರುವಿದ್ರ ಅಕಿಗಿ ನಿದ್ದಿ ಹತ್ತತದ. ಮನಿ ತಣ್ಣಗಿರ್ತದ."

"ಬೀಸಿದ ಮ್ಯಾಲ ನೀ ಮತ್ತ ಮಲಗಬೇಕಿಲ್ಲ?"

"ಮಲಗಿದ್ರ ಖರೇ ಬೆಳಗಾದಾಗ ಯಾರ ಎಬ್ಬಸ್ತಾರ?" ಎಂದಳು ಅವ್ವ. "ಎಬ್ಬಸಾಕಿ ಮಲಗಿರ್ತಾಳಲ್ಲ."

ಹೀಗೆಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಜೋಳ ಎರಡು ತಾಸಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಅವಳು ಹಿಟ್ಟಿನ ಪಕ್ಕ ಗೋಡೆಗೊರಗಿ, ಕಣ್ಣು ತೆರೆದುಕೊಂಡು, ಬೆಳಕು ಹರಿಯುವುದನ್ನು ಕಾಯುತ್ತಾ ಕೂರುತ್ತಿದ್ದಳು. ಎಷ್ಟೋ ವರ್ಷಗಳಿಂದ ಪ್ರತಿ ರಾತ್ರಿ.

ಆ ರಾತ್ರಿಯಿಂದ ಅವ್ವನ ಜಾಗದಲ್ಲಿ ನಾನು ಬೀಸಿದೆ. ಅವಳು ಒಪ್ಪಲಿಲ್ಲ, ಮೂರು ಸಲ ಬೇಡವೆಂದಳು. ರಜೆ ಮುಗಿಯುವ ತನಕ ಮಾತ್ರ ಎಂದು ನಾನು ಹಟ ಹಿಡಿದೆ. ಆಯಿಯ ಕಿವಿ ಚುರುಕು. ನನ್ನ ಕೈಯಲ್ಲಿ ಎರಡೆರಡೇ ಬಳೆಗಳಿದ್ದವು, ಅವ್ವನ ಕೈತುಂಬ. ಆದ್ದರಿಂದ ಅವ್ವನ ಹಳೆಯ ಗಾಜಿನ ಬಳೆಗಳನ್ನು ಒಂದೊಂದು ಕೈಗೆ ಆರಾರು ಏರಿಸಿಕೊಂಡೆ. ಹಾಸಿಗೆಗಳನ್ನೂ ಅದಲು ಬದಲು ಮಾಡಿದೆವು. "ಏ ಕಲ್ಯಾಣಿಯಾಕಿ" ಎಂಬ ಕೂಗಿಗೆ ನಾನು ಎದ್ದು ಬಳೆ ಸದ್ದು ಮಾಡಿ ಒಳಗೆ ಹೋಗುತ್ತಿದ್ದೆ. ಅವ್ವ ಬೀಸುವಾಗ ಹಾಡುತ್ತಿರಲಿಲ್ಲ, ಹಾಗಾಗಿ ಹಾಡಿನಿಂದ ಸಿಕ್ಕಿಬೀಳುವ ಭಯವೂ ಇರಲಿಲ್ಲ. ಅರ್ಧ ತಾಸಿನೊಳಗೆ ಗೊರಕೆ ಕೇಳುತ್ತಿತ್ತು. ಮೊದಲ ರಾತ್ರಿಯೇ ಅಂಗೈ ಸುಲಿಯಿತು. ನಾಲ್ಕನೆಯ ರಾತ್ರಿಗೆ ಕೈ ಕಲ್ಲಿನ ಗೂಟಕ್ಕೆ ಒಗ್ಗಿತು. ಬೀಸುವುದು ಮುಗಿದ ಮೇಲೆ ಗಡಿಯಾರದ ಗಂಟೆಯನ್ನು ಐದಕ್ಕಿಟ್ಟು, ಅದನ್ನು ಬಟ್ಟೆಯಲ್ಲಿ ಸುತ್ತಿ ಕಿವಿಯ ಕೆಳಗೆ ಇಟ್ಟುಕೊಂಡು ನಾನೂ ಮಲಗುತ್ತಿದ್ದೆ. ಐದಕ್ಕೆ ಎದ್ದು ಅವ್ವನ ಭುಜ ಮುಟ್ಟುತ್ತಿದ್ದೆ.

ಹನ್ನೆರಡು ರಾತ್ರಿ ಹೀಗೆ ನಡೆಯಿತು.

ನನ್ನ ಅವ್ವ ಎಂಥವಳೆಂದು ನನಗೆ ತಿಳಿದದ್ದು ಆ ಹನ್ನೆರಡು ದಿನಗಳಲ್ಲಿ. ಮೂರನೆಯ ದಿನ ಅವಳ ಕಣ್ಣಿನ ಕೆಳಗಿನ ಊತ ಇಳಿಯಿತು. ಐದನೆಯ ದಿನ ಮಠದಲ್ಲಿ ಪುರಾಣ ಮುಗಿಯುವ ತನಕ ಎಚ್ಚರಿದ್ದು, ಹೇಳಿದ ಕಥೆಯಲ್ಲಿ ಶಾಸ್ತ್ರಿಗಳು ಒಂದು ತುಂಡು ಬಿಟ್ಟರೆಂದು ದಾರಿಯುದ್ದಕ್ಕೂ ನನ್ನೊಡನೆ ವಾದ ಮಾಡಿದಳು. ಹುಲಸೂರ ಕಡೆಯಿಂದ ಬಂದ ಬಳೆಗಾರ ಒಡಕು ಬಳೆ ದಾಟಿಸಲು ನೋಡಿದಾಗ, "ಏ ಮಾಮಾ, ನನಗೇನ ಕಣ್ಣಾಗ ಹಿಟ್ಟು ಬಿದ್ದದ ಅಂತ ತಿಳದಿರೇನು?" ಎಂದು ಅವನನ್ನು ಬೆವರಿಳಿಸಿದಳು. ನಾನು ಓದದೆ ಪುಸ್ತಕ ತೆರೆದಿಟ್ಟುಕೊಂಡು ಕೂತದ್ದಕ್ಕೆ ನನಗೂ ಬೈದಳು. ಅವ್ವನಿಗೆ ಸಿಟ್ಟೇ ಬರುವುದಿಲ್ಲ, ಅವಳು ಸಾಧು ಎಂದು ನಾವೆಲ್ಲ ತಿಳಿದಿದ್ದೆವು. ಸಾಧುವಲ್ಲ, ದಣಿದಿದ್ದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಅವಳಿಗೆ ಇನ್ನೂ ಹದಿನೆಂಟು ರಾತ್ರಿಗಳ ನಿದ್ದೆ ಸಿಗುತ್ತಿತ್ತು. ಮುಂದಿನ ರಜೆಗಳಲ್ಲಿ ಇನ್ನಷ್ಟು. ನಾನು ಸುಮ್ಮನಿರಲಿಲ್ಲ.

ಹದಿಮೂರನೆಯ ಬೆಳಿಗ್ಗೆ ಪಕ್ಕದ ಮನೆಯ ಕಾಕು ಮಜ್ಜಿಗೆಗೆ ಬಂದಿದ್ದಳು. ಅಪ್ಪ ಎಂದಿನಂತೆ ಕೇಳಿದರು, ಆಯಿ ಎಂದಿನಂತೆ ಕಣ್ಣಿಗೆ ಕಣ್ಣು ಹತ್ತಿಲ್ಲ ಎಂದಳು. ಕಾಕು ಅಯ್ಯೋ ಅಂದಳು. ಆಯಿಗೆ ಹುರುಪು ಬಂತು.

"ದೇವರ ಲೀಲಾ ನೋಡು. ನನ್ನ ಪಾಲಿನ ನಿದ್ದೀನೂ ಒಯ್ದು ಕಲ್ಯಾಣಿಯಾಕಿಗಿ ಕೊಟ್ಟಾನ. ಕುಂತ್ರೂ ಮಲಗ್ತಾಳ, ನಿಂತ್ರೂ ಮಲಗ್ತಾಳ. ನಾ ಒಬ್ಬಾಕಿ ಗೂಗಿ ಹಂಗ ಕಾಯ್ಕೋತ ಕುಂಡ್ರಬೇಕು."

ಕಾಕು ನಕ್ಕಳು. ಅಪ್ಪ ಮೀಸೆಯಲ್ಲಿ ನಕ್ಕರು. ಮಜ್ಜಿಗೆ ಸುರಿಯುತ್ತಿದ್ದ ಅವ್ವ ಕೂಡ ತಲೆ ತಗ್ಗಿಸಿ ನಕ್ಕಳು. ಆ ಕೊನೆಯ ನಗೆಯನ್ನು ನನಗೆ ಸಹಿಸಲಾಗಲಿಲ್ಲ.

ನಾನು ಒಳಗೆ ಹೋಗಿ ಟ್ರಂಕಿನಿಂದ ಹಾಳೆ ತಂದೆ. ನಿಂತುಕೊಂಡು ಓದಿದೆ. ಯಾವ ರಾತ್ರಿ ಎಷ್ಟು ಗಂಟೆಗೆ ಮಲಗಿದಳು, ಎಷ್ಟಕ್ಕೆ ಎದ್ದಳು, ಮತ್ತೆ ಎಷ್ಟಕ್ಕೆ ಮಲಗಿದಳು. ದನಿ ಏರಿಸಲಿಲ್ಲ. ಕಾಲೇಜಿನಲ್ಲಿ ಪ್ರಬಂಧ ಓದುವಂತೆ ಓದಿದೆ. ನಡುವೆ ಅವ್ವ ಒಮ್ಮೆ "ಸಾಕು" ಎಂದದ್ದು ಕೇಳಿಸಿತು. ನಿಲ್ಲಿಸಲಿಲ್ಲ.

ಆಯಿ ಸದ್ದು ಬಂದ ಕಡೆ ಮುಖ ತಿರುಗಿಸಿ ಕೇಳಿದಳು. "ಏನ್ ಓದಾಕತ್ಯಾಳ ಇಕಿ?"

"ನೀ ಮಲಗಿದ್ದ ಹೊತ್ತು ಆಯಿ. ಎಂಟೂ ಮುಕ್ಕಾಲು ತಾಸು."

"ನಾ ಮಲಗಿದ್ದೆ? ನಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. "ನಿನ್ನ ಗಡಿಯಾಳಕ್ಕ ಹುಚ್ಚ ಹಿಡದದ ಕೂಸ. ನಾ ಮಲಗಿದ್ರ ದಿನಾ ಮನಿ ಎಬ್ಬಸಾಕಿ ಯಾರು? ಕಲ್ಲಿನ ಸಪ್ಪಳ ಕೇಳ್ಕೋತ ಕುಂಡ್ರಾಕಿ ಯಾರು?"

ಇದಕ್ಕೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಹಾಳೆಯಲ್ಲಿ ಇಲ್ಲದ ಉತ್ತರ. ಅದಕ್ಕಿಂತ ಬಲವಾದ ಸಾಕ್ಷಿ ಇರಲಾರದೆಂದು ನನಗೆ ಹೆಮ್ಮೆಯಿತ್ತು.

"ಎಚ್ಚರಿದ್ರ ಹೇಳು ನೋಡೋಣ. ಹನ್ನೆರಡು ದಿನದಿಂದ ಬೀಸಾಕತ್ತಾಕಿ ಯಾರು?"

"ಯಾರಂದ್ರ? ಕಲ್ಯಾಣಿಯಾಕಿ."

"ಅಲ್ಲ. ನಾನು. ಅವ್ವ ಮಲಗಿರ್ತಾಳ. ಎಚ್ಚರಿದ್ದಾಕಿಗಿ ಇಷ್ಟು ಗೊತ್ತಾಗ್ಲಿಲ್ಲೇನು ಆಯಿ?"

ಮಾತು ಬಾಯಿಂದ ಹೊರಬಿದ್ದ ಮೇಲೆ ನಾನು ಅವ್ವನ ಮುಖ ನೋಡಿದೆ. ಅವಳ ಕೈಯಲ್ಲಿದ್ದ ಗಿಂಡಿಯಿಂದ ಮಜ್ಜಿಗೆ ಚೆಲ್ಲಿ ನೆಲದ ಮೇಲೆ ಹರಿಯುತ್ತಿತ್ತು.

ಪಡಸಾಲೆಯಲ್ಲಿದ್ದ ಯಾರೂ ಆಯಿಯ ನಿದ್ದೆಯ ಬಗ್ಗೆ ಯೋಚಿಸಲಿಲ್ಲ. ನನ್ನ ಸಾಕ್ಷಿಯಿಂದ ಅವರಿಗೆ ಸಿಕ್ಕ ಸಂಗತಿ ಒಂದೇ. ಮೊದಲು ಬಾಯಿಬಿಟ್ಟವಳು ಕಾಕು. "ಅಯ್ಯ ಶಿವನ! ಕಾಲೇಜ್ ಕಲಿಯೋ ಹುಡುಗಿ ಕೈಲಿ ನಡುರಾತ್ರಿ ಬೀಸಸ್ತಾಳ?" ಆಯಿ ಎರಡೂ ಕೈಗಳಿಂದ ತಲೆ ಹಿಡಿದುಕೊಂಡಳು. "ಹನ್ನೆರಡು ದಿನ! ಹನ್ನೆರಡು ದಿನ ಮಲಗ್ಯಾಳ! ಹೆತ್ತ ಮಗಳನ್ನ ಕಲ್ಲಿಗಿ ಕಟ್ಟಿ ತಾ ಮಲಗ್ಯಾಳ!" ನನ್ನ ಕೈ ಹುಡುಕಿ ಹಿಡಿದು ಅಂಗೈ ತಡವಿದಳು. ಬೊಕ್ಕೆ ಒಡೆದು ಗಟ್ಟಿಯಾದ ಜಾಗ ಬೆರಳಿಗೆ ಸಿಕ್ಕಿದಾಗ ಅವಳು ನಿಜವಾಗಿ ಅತ್ತಳು. ಅವಳಿಗೆ ನನ್ನ ಮೇಲೆ ಪ್ರೀತಿಯಿತ್ತು.

ನಾನು ಹೇಳಿದೆ, ಇದು ನನ್ನದೇ ವಿಚಾರ, ಅವ್ವ ಬೇಡವೆಂದಿದ್ದಳು, ಆಯಿ ಕೂಗುವಾಗ ರಾತ್ರಿ ಇನ್ನೂ ಒಂದು ಗಂಟೆಯಷ್ಟೇ ಎಂದು. ಅಪ್ಪ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಓದದೆ ಮಡಚಿ ಜೇಬಿಗೆ ಹಾಕಿಕೊಂಡರು.

"ಆ ಮುದುಕಿ ಜೀವ ರಾತ್ರಿಯೆಲ್ಲ ಒದ್ದಾಡತದ. ನೀವ್ ತಾಯಿ ಮಗಳು ಕೂಡಿ ಅಕಿ ಕುರುಡತನದ ಮ್ಯಾಲ ಆಟ ಆಡೀರಿ," ಎಂದರು. ಅವ್ವನ ಕಡೆ ನೋಡದೆಯೇ ಮುಂದುವರಿಸಿದರು. "ಇವತ್ತಿನಿಂದ ಅಕಿ ಯವ್ವನ ಹಾಸಿಗಿ ಬಾಜೂಕ ಮಲಗ್ಲಿ. ಕೈ ಹಚ್ಚಿ ಎಬ್ಬಿಸು ಯವ್ವಾ. ಯಾರ ಏಳ್ತಾರ ನಿನಗ ಗೊತ್ತಾಗ್ತದ." ನಾನು ಮರುದಿನ ಬೆಳಗಿನ ಬಸ್ಸಿಗೆ ಹೈದರಾಬಾದಿಗೆ ಹೋಗಬೇಕು, ಉಳಿದ ರಜೆಯನ್ನು ಕಾಕಾನ ಮನೆಯಲ್ಲೇ ಕಳೆಯಬೇಕು ಎಂದೂ ಹೇಳಿದರು. ಓದು ಬಿಡಿಸಲಿಲ್ಲ. ಅದಕ್ಕೆ ಅವರಿಗೆ ನಾನು ಋಣಿಯಾಗಿರಬೇಕೆಂದು ಎಲ್ಲರೂ ಹೇಳಿದರು.

ಮಧ್ಯಾಹ್ನ ಅವ್ವ ನನ್ನ ಬಟ್ಟೆ ಮಡಚುತ್ತಿದ್ದಳು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ, ಆದರೆ ಹೊರಟದ್ದು ಬೇರೆ ಮಾತು.

"ನಾ ಹೇಳಿದ್ದು ಖರೇ ಅಲ್ಲೇನವ್ವ?"

"ಖರೇ ಅದ."

"ಅಕಿ ಎಲ್ಲಾರ ಮುಂದ ನಿನ್ನ ನಗೇಡಿ ಮಾಡ್ತಿದ್ಳು. ನನಗ ತಡಕೊಳ್ಳಾಕ ಆಗ್ಲಿಲ್ಲ."

ಅವ್ವ ಒಂದು ಸೀರೆಯನ್ನು ಮಡಚಿ, ತೀಡಿ, ಟ್ರಂಕಿನಲ್ಲಿಟ್ಟಳು. "ನನಗ ಆಗ್ತಿತ್ತಲ್ಲ ತಂಗಿ. ನಗ್ಲಿ ಬಿಡು ಅಂತಿದ್ದೆ. ನಕ್ರ ನಿದ್ದಿ ಹೋಗ್ತದೇನು?" ಇನ್ನೊಂದು ಸೀರೆ ಎತ್ತಿಕೊಂಡು, "ಹನ್ನೆರಡು ದಿನ ಭಾಳ ಛಂದ ಮಲಗಿದ್ದೆ. ಕನಸ ಬೀಳ್ತಿದ್ವು. ನನಗ ಕನಸ ಬೀಳೋದು ಮರತೇ ಹೋಗಿತ್ತು," ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಒಳ್ಳೆಯ ಊರೊಂದನ್ನು ನೋಡಿ ಬಂದವರು ಹೇಳುವಂತೆ ಹೇಳಿದಳು.

ಆ ರಾತ್ರಿ ಅವಳನ್ನು ಆಯಿ ಕೈಯಿಂದ ತಟ್ಟಿ ಎಬ್ಬಿಸಿದಳು. ಗಡಿಯಾರ ಟ್ರಂಕಿನಲ್ಲಿತ್ತು. ನಾನು ಹೊತ್ತು ನೋಡಲಿಲ್ಲ.

ಬೆಳಿಗ್ಗೆ ಬಸ್ಸು ಏಳಕ್ಕೆ. ಆಯಿಯ ಪಾದ ಮುಟ್ಟಿದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, ನಡೆದದ್ದನ್ನೆಲ್ಲ ಮರೆತವಳಂತೆ ಹೇಳಿದಳು. "ರಾತ್ರಿಯೆಲ್ಲ ನಿದ್ದಿ ಬರ್ಲಿಲ್ಲ ನನ್ನವ್ವ. ಕೂಸು ಹೊಂಟಾದ, ಕೂಸು ಹೊಂಟಾದ, ಇದೇ ಚಿಂತಿ." ಅವಳ ಮಂಜು ಕಣ್ಣುಗಳಲ್ಲಿ ನೀರಿತ್ತು. ಅವಳ ಗೊರಕೆಯನ್ನು ನಾನು ರಾತ್ರಿಯೆಲ್ಲ ಕೇಳಿದ್ದೆ. "ಹೌದೇನ ಆಯಿ" ಎಂದೆ.

ಅವ್ವನಿಗೆ ನಮಸ್ಕರಿಸಲು ಒಳಗೆ ಹೋದೆ. ಅವಳು ಹಿಟ್ಟಿನ ಬುಟ್ಟಿಯ ಪಕ್ಕದಲ್ಲಿ ಗೋಡೆಗೆ ತಲೆ ಒರಗಿಸಿ ಕೂತಲ್ಲೇ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ದಾರಿಗೆಂದು ನನಗೆ ಕಟ್ಟಿದ್ದ ರೊಟ್ಟಿಯ ಗಂಟು ತೊಡೆಯ ಮೇಲಿತ್ತು, ಅದರ ಗಂಟಿನ ಮೇಲೆ ಇನ್ನೂ ಬೆರಳುಗಳಿದ್ದವು. ಅಪ್ಪ ಹೊರಗಿನಿಂದ, "ಎಬ್ಬಿಸು, ಬಸ್ಸಿಗಿ ಹೊತ್ತಾಗ್ಯಾದ" ಎಂದು ಕೂಗಿದರು. ಪಡಸಾಲೆಯಿಂದ ಆಯಿಯ ದನಿ ಬಂತು. "ಮಲಗ್ಯಾಳೇನು? ಹೆತ್ತ ಮಗಳು ಹೊಂಟ ನಿಂತ್ರೂ ಮಲಗ್ಯಾಳೇನು?"

ನಾನು ಗಂಟನ್ನು ತೆಗೆದುಕೊಳ್ಳಲಿಲ್ಲ. ತೆಗೆದರೆ ಅವಳಿಗೆ ಎಚ್ಚರವಾಗುತ್ತಿತ್ತು. ಅವಳ ಕಾಲ ಮುಂದಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಗೆ ಬಂದೆ. ಎಬ್ಬಿಸಿದೆಯಾ ಎಂದು ಅಪ್ಪ ಕೇಳಿದಾಗ, ಹೂಂ ಎಂದೆ.

ಆಯಿ 'ನಿದ್ದೆಯಿಲ್ಲದೆ' ಇನ್ನೂ ನಾಲ್ಕು ವರ್ಷ ಬದುಕಿದಳು. ಆ ನಾಲ್ಕು ವರ್ಷಗಳಲ್ಲಿ ನಾನು ರಜೆಗೆ ಬಂದಾಗಲೆಲ್ಲ ರಾತ್ರಿ ಆಯಿ ಅವ್ವನನ್ನು ತಟ್ಟಿ ಎಬ್ಬಿಸುವ ಸದ್ದಿಗೆ ಎದ್ದು ಕೂರುತ್ತಿದ್ದೆ. ಅವ್ವ ಕತ್ತಲಲ್ಲೇ ನನ್ನ ಭುಜ ಒತ್ತಿ ಮಲಗಿಸಿ, ತಾನು ಒಳಗೆ ಹೋಗುತ್ತಿದ್ದಳು. ಬೀಸುವ ಕಲ್ಲನ್ನು ಮುಟ್ಟಲು ನನಗೆ ಮತ್ತೆಂದೂ ಬಿಡಲಿಲ್ಲ.